ಎಂಬತ್ತಮೂರು ಪಾಯಿಂಟ್ ಆರು

ಕಾಟಿಪಳ್ಳ ವಾಸಿಯಾದ ನನ್ನ ಒಬ್ಬಳೇ ಅಕ್ಕ ಡ್ಯಾಫ್ನಿ ಬಾಯ್ ಅವರ ಸನ್ನಿಧಾನಕ್ಕೆ, ವಾಮಂಜೂರಿನಿಂದ ತಮ್ಮ ಫ್ಲೋಯ್ಡ್ ಮಾಡುವ ಸವಿನಯ ಅರಿಕೆ.

ಬಾಯ್, ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ. “ಮಗುವನ್ನು ತೊಟ್ಟಿಲಿಗೆ ಹಾಕುವುದನ್ನು ಎರಡು ಸಲ ಮುಂದೆ ಹಾಕಿದ್ದೇನೆ. ಪಪ್ಪ ಬರ್ತಾರಾ ಇಲ್ವಾ, ಕೇಳಿ ಹೇಳು.” ಉತ್ತರಕ್ಕೆ ಮೊದಲು ಒಂದು ತಪ್ಪೊಪ್ಪಿಗೆ ಇದೆ. ಇಗರ್ಜಿಯಲ್ಲಿ ಪಾದ್ರಿಯವರ ಕಿವಿಗೆ ಹೇಳಿ ಮುಗಿಸಬಹುದಿತ್ತು. ಆದರೆ ಈ ಪಾಪವನ್ನು ನಿಜವೆಂದು ನಂಬಿ ಪ್ರವಚನದಲ್ಲಿ ಉಲ್ಲೇಖಿಸಿದವರೇ ಅವರು.

ಎರಡು ವರ್ಷದ ಹಿಂದೆ, ಮೊಗವೀರರ ಕಮಲೇಶನನ್ನು ಮದುವೆಯಾಗುತ್ತೇನೆಂದು ನೀನು ಮನೆಯಲ್ಲಿ ಹೇಳಿದ ವಾರ, ಎಲ್ಲರ ಫೋನಿಗೂ ಒಂದು ಮೆಸೇಜ್ ಬಂದಿತ್ತಲ್ಲ? “ಕರಾವಳಿ ಕ್ರೈಸ್ತ ಕುಟುಂಬ ಅಧ್ಯಯನ ಪೀಠದ ಸಮೀಕ್ಷೆಯಂತೆ, ಬೇರೆ ಧರ್ಮದಲ್ಲಿ ಮದುವೆಯಾದ ನಮ್ಮ ಹೆಣ್ಣುಮಕ್ಕಳಲ್ಲಿ ಶೇಕಡಾ 83.6 ಮಂದಿ ಎರಡು ವರ್ಷದೊಳಗೆ ತವರನ್ನೂ ಇಗರ್ಜಿಯನ್ನೂ ಮರೆಯುತ್ತಾರೆ.” ಆ ಪೀಠ ನಾನು. ಅಧ್ಯಕ್ಷ, ಸಂಶೋಧಕ, ಜವಾನ, ಎಲ್ಲ ನಾನೇ.

ನಮ್ಮ ಯುವಜನರ ಗ್ರೂಪಿನಲ್ಲಿ ದಿನಾ ಬರುತ್ತಿದ್ದ ಲೆಕ್ಕಗಳನ್ನು ಗೇಲಿ ಮಾಡಲಿಕ್ಕೆ ಬರೆದದ್ದು. ಒಂದು ದಿನ ಜಗತ್ತಿನಲ್ಲಿ ಕ್ರೈಸ್ತರು ಗಂಟೆಗೆ ಇಷ್ಟು ಸಾವಿರ ಹೆಚ್ಚುತ್ತಿದ್ದರು, ಮರುದಿನ ಅಷ್ಟೇ ಸಾವಿರ ಕಡಿಮೆಯಾಗುತ್ತಿದ್ದರು. ಎರಡಕ್ಕೂ ಅದೇ ಜನ ‘ಆಮೆನ್’ ಹಾಕುತ್ತಿದ್ದರು. ಮನೆಯಲ್ಲಿ ಮೂರು ದಿನದಿಂದ ನಿನ್ನ ಮದುವೆಯದೇ ಜಗಳ, ಹಾಗಾಗಿ ವಿಷಯ ಹುಡುಕಬೇಕಾಗಲಿಲ್ಲ. ಇನ್ನು 83.6 ಎಂದರೆ ಅತ್ತಾವರದ ಮೆಡಿಕಲ್ ಶಾಪಿನ ಯಂತ್ರದ ಮೇಲೆ ನಿಂತ ಇಸಿದೋರ್ ಮಾಮನ ತೂಕ. ಚಪ್ಪಲಿ ಸಮೇತ.

ಸಂಜೆಯೊಳಗೆ ಅದು ಕುವೈತಿಗೆ ಹೋಗಿ ಪಪ್ಪನ ಫೋನಿಗೆ ವಾಪಸ್ ಬಂತು. ಬರುವಾಗ ತಲೆಯ ಮೇಲೆ ಶಿಲುಬೆಯ ಚಿತ್ರವೊಂದು ಅಂಟಿಕೊಂಡಿತ್ತು.

ಪಪ್ಪ ಎಂಥವರೆಂದು ನಿನಗೆ ಹೇಳಬೇಕೇ? ಮೂವತ್ತು ವರ್ಷ ಗಣಿತ ಕಲಿಸಿದ ವಾಲ್ಟರ್ ಮಾಸ್ಟ್ರು. ಸ್ಟೆಪ್ಸ್ ಬರೆಯದಿದ್ದರೆ ಸರಿಯುತ್ತರಕ್ಕೂ ಸೊನ್ನೆ. ಮೇಲಾಗಿ ಇಗರ್ಜಿಯ ನಮ್ಮ ವಾರ್ಡಿಗೆ ಮುಖಂಡರಾದ ಗುರ್ಕಾರ್, ಗಣತಿಗೆ ಮನೆಮನೆ ಹತ್ತುವವರು. ಆ ಗಣತಿ ಹೇಗಾಗುತ್ತದೆಂದು ಫಾರಂ ಹಿಡಿದು ಹಿಂದೆ ನಡೆದ ನನಗೆ ಗೊತ್ತು. ಲೂರ್ಡ್ಸ್ ಆಂಟಿ ಹದಿನಾಲ್ಕು ವರ್ಷದಿಂದ ದುಬೈಯಲ್ಲಿರುವ ಮೂರು ಮಕ್ಕಳನ್ನೂ ಬರೆಸುತ್ತಾರೆ. “ಅವರನ್ನು ಅಲ್ಲಿಯ ಇಗರ್ಜಿಯಲ್ಲೂ ಬರೆದಿರ್ತಾರಲ್ಲ ಆಂಟಿ?” ಎಂದರೆ, “ಇಲ್ಲಿ ಅವರ ಕೋಣೆ ಉಂಟಲ್ಲ, ನೀನು ಬರಿ ಮಾರಾಯ.” ಪಪ್ಪ ನಗುತ್ತ, ಬರಿ ಎಂದು ಸನ್ನೆ ಮಾಡುತ್ತಿದ್ದರು. ಹೀಗೆ ನಮ್ಮ ವಾರ್ಡಿನ ಕ್ರೈಸ್ತರು ಎರಡೆರಡು ದೇಶದಲ್ಲಿ ಹೆಚ್ಚುತ್ತಾರೆ.

ಅಂಥ ಪಪ್ಪ ನನ್ನ ಸಂಖ್ಯೆಗೆ ಒಂದೂ ಪ್ರಶ್ನೆ ಕೇಳಲಿಲ್ಲ. ಆ ಭಾನುವಾರ ವಾರ್ಡ್ ಮೀಟಿಂಗಿನಲ್ಲಿ ಎದ್ದುನಿಂತು ಓದಿದರು. ನಲವತ್ತು ಮನೆಯವರ ಮುಂದೆ ಹಾಗೆ ಓದಿದ ಮೇಲೆ ನಿನ್ನ ಮದುವೆಗೆ ಬರುವ ದಾರಿ ಅವರಿಗೂ ಮುಚ್ಚಿತು.

ಎರಡು ವರ್ಷ ನಾನು ಬಾಯಿ ಬಿಡಲಿಲ್ಲ. ದುಃಖಪಟ್ಟೆನೆಂದು ಬರೆದರೆ ಅದು ಇನ್ನೊಂದು ಸುಳ್ಳು ಸಮೀಕ್ಷೆಯಾದೀತು. ಏನೂ ಆಗಲಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ದವಡೆ ಇರುತ್ತದಲ್ಲ, ಮುಟ್ಟಿದರೆ ಬೇರೆ ಯಾರದ್ದೋ ಎನಿಸುತ್ತದೆ, ಹಾಗೆ. ಊಟ ಮಾಡಿದೆ, ಕ್ರಿಕೆಟ್ ನೋಡಿದೆ, ನಿನ್ನ ಮದುವೆಯ ಫೋಟೊ ಬಂದಾಗ ಹೆಬ್ಬೆರಳಿನ ಚಿತ್ರ ಒತ್ತಿದೆ.

ಮೊನ್ನೆ ನಿನ್ನ ಫೋನ್ ಇಟ್ಟವನೇ ಪಪ್ಪನಿಗೆ ಎಲ್ಲ ಹೇಳಿದೆ, ಮಾಮನ ತೂಕ ಸಹಿತ. ಹೊಡೆಯುತ್ತಾರೆಂದುಕೊಂಡೆ. ಅವರು ಕನ್ನಡಕ ತೆಗೆದು ಒರೆಸಿದರು.

“ಎಷ್ಟು ಮನೆಗೆ ಹೋಗಿ ಕೇಳಿದ್ದು ಅಂತ ಅದರಲ್ಲಿ ಇರಲಿಲ್ಲ. ಯಾರು ಕೇಳಿದ್ದು, ಯಾವಾಗ ಕೇಳಿದ್ದು, ಎಂತದೂ ಇರಲಿಲ್ಲ. ಅದು ನನಗೆ ಅವತ್ತೇ ಕಂಡಿತ್ತು ಫ್ಲೋಯ್ಡ್. ಆದರೆ ನನಗೆ ಅದು ಬೇಕಿತ್ತು.”

ನಿನ್ನ ತವರನ್ನು ನಾನೇ ಮುಚ್ಚಿದ್ದೆಂದು ಇಷ್ಟು ದಿನ ಅಂದುಕೊಂಡಿದ್ದೆ ಬಾಯ್. ಅದಕ್ಕಿಂತ ಇದು ಕಷ್ಟ.

ನಿನ್ನೆ ಮೀಟಿಂಗಿನಲ್ಲಿ ಪಪ್ಪ ಮತ್ತೆ ಎದ್ದುನಿಂತರು. “ನಾನು ಹಿಂದೆ ಓದಿದ ಲೆಕ್ಕ ಸುಳ್ಳು. ಅಂಥ ಸಮೀಕ್ಷೆ ಯಾರೂ ಮಾಡಿಲ್ಲ.” ನನ್ನ ಹೆಸರು ಎತ್ತಲಿಲ್ಲ. ಲೂರ್ಡ್ಸ್ ಆಂಟಿಗೆ ಸಮಾಧಾನವಾಗಲಿಲ್ಲ.

“ಹಾಗಾದ್ರೆ ಸರಿಯಾದದ್ದು ಎಷ್ಟು ಪರ್ಸೆಂಟ್ ಮಾಸ್ಟ್ರೇ?”

“ಗೊತ್ತಿಲ್ಲ.”

“ಅಂದಾಜು ಹೇಳಿ ಮಾರಾಯ್ರೆ. ತೊಂಬತ್ತು ಆಗ್ಬಹುದಾ?”

ಯಾರೋ ನಕ್ಕರು. ಆಂಟಿ ಬಿಡುವವರಲ್ಲ. “ಅದು ಹೋಗ್ಲಿ, ನಿಮ್ಮ ಡ್ಯಾಫ್ನಿಯದ್ದು ಎಂತ ಕತೆ? ಇಗರ್ಜಿಗೆ ಹೋಗ್ತಾಳಾ ಈಗ?”

ಪಪ್ಪ, “ನಾನು ಅವಳನ್ನು ಕೇಳಿಲ್ಲ,” ಎಂದು ಕೂತುಬಿಟ್ಟರು.

ಮನೆಗೆ ಬರುವಾಗ ನಿನ್ನ ಪ್ರಶ್ನೆಯನ್ನು ಅವರ ಮುಂದಿಟ್ಟೆ. ಗದ್ದೆಯ ಕಡೆ ನೋಡುತ್ತ ನಡೆದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ. ಗೇಟಿನ ಹತ್ತಿರ ಮಾತ್ರ, “ಮಗು ಗಂಡೋ ಹೆಣ್ಣೋ?” ಎಂದರು. ಹೆಣ್ಣು ಎಂದೆ. ಹೂಂ ಎಂದು ಒಳಗೆ ಹೋದರು. ಇಷ್ಟೇ ನನಗೆ ಗೊತ್ತಿರುವುದು. ಇದಕ್ಕೆ ಒಂದು ಅಕ್ಷರವನ್ನೂ ಸೇರಿಸುವುದಿಲ್ಲ.

ಇನ್ನು ಕಾಯಬೇಡ. ನಿನ್ನ ಅತ್ತೆ ರಾಜೀವಿಯಮ್ಮ ಹೇಳಿದ ದಿನವೇ ಅವಳನ್ನು ತೊಟ್ಟಿಲಿಗೆ ಹಾಕು. ನಾನು ಬರುತ್ತೇನೆ. ಒಳಗೆ ಕರೆಯುವುದೂ ಬಿಡುವುದೂ ನಿನಗೆ ಸೇರಿದ್ದು.

ದೇವರು ಮಗುವಿಗೆ ಒಳ್ಳೆಯ ನಿದ್ದೆ ಕೊಡಲಿ, ನಿನಗೂ ಕೊಡಲಿ.

ತಲೆ ತಗ್ಗಿಸಿ ನಿಂತಿರುವ ನಿನ್ನ ತಮ್ಮ,
ಫ್ಲೋಯ್ಡ್