ನೇಲ್‌ಪಾಲಿಶ್ ಗೆರೆ

ಸೆಪ್ಟೆಂಬರ್ 2, ಮಂಗಳವಾರ. ಮಧ್ಯಾಹ್ನ 1.40

ಉಪ್ಪುನೀರಿನ ಮೀನಿನ ಟ್ಯಾಂಕಿನ ಕೆಳಗೆ, ಗಾಜಿನ ಸಂಪಿನಲ್ಲಿ ನೀರು ಎರಡು ಬೆರಳು ಇಳಿದಿತ್ತು. ಮೂರು ಲೀಟರ್ ಆರ್‌ಓ ನೀರು ಹಾಕಿದೆ. ಉಪ್ಪುನೀರು ಹಾಕಬಾರದು — ಆರಿಹೋಗುವುದು ನೀರಷ್ಟೇ, ಉಪ್ಪು ಅಲ್ಲೇ ಉಳಿಯುತ್ತದೆ. ಮೇಲಿನ ಟ್ಯಾಂಕಿನ ಓವರ್‌ಫ್ಲೋ ಬಾಚಣಿಗೆಗೆ, ನೀರು ಹೊರಬೀಳುವ ಹಲ್ಲುಹಲ್ಲಿನ ಅಂಚಿಗೆ, ಪಾಚಿ ಹಿಡಿದಿತ್ತು. ಟೂತ್‌ಬ್ರಷ್‌ನಿಂದ ತಿಕ್ಕಿದೆ. ಹಲ್ಲಿನ ಕ್ಲಿನಿಕ್ಕಿನಲ್ಲಿ ಬ್ರಷ್‌ಗೇನು ಬರ.

ಬಾಚಣಿಗೆ ದಾಟಿದ ನೀರು ಕೆಳಗಿನ ಸಂಪಿಗೆ ಬೀಳಬೇಕು, ಪಂಪು ಅದನ್ನು ಮತ್ತೆ ಮೇಲೇರಿಸಬೇಕು. ಏಳು ವರ್ಷದಿಂದ ನೋಡಿಕೊಳ್ಳುತ್ತಿರುವುದು ನಾನು. ರಿಸೆಪ್ಷನಿಸ್ಟ್ ಅನ್ನುವುದು ಹೆಸರಿಗೆ. ಕುರ್ಚಿ ಹತ್ತಲು ಅಳುವ ಮಕ್ಕಳೆಲ್ಲ ನನ್ನ ಕೇಸರಿ ಮೀನಿನ ಮುಂದೆ ಸುಮ್ಮನಾಗುತ್ತವೆ. ನಮ್ಮ ಡಾಕ್ಟರ್ ಶೈಲಾ ಮೇಡಂ ಇವತ್ತೂ ಅಂದರು — “ನರ್ಮದಕ್ಕ, ನೀವಿರ್ಲಿಲ್ಲಂದ್ರ ಈ ಮೀನು ಎಂದೋ ಹೋಗಿರ್ತಿದ್ವು.” ವಾರಕ್ಕೊಮ್ಮೆ ಅನ್ನುತ್ತಾರೆ. ವಾರಕ್ಕೊಮ್ಮೆ ಖುಷಿಯಾಗುತ್ತದೆ.

ಈ ಡೈರಿ ಪರ್ಸಿನಲ್ಲೇ ಇರಬೇಕು. ಮನೆಯಲ್ಲಿಟ್ಟರೆ ಅತ್ತಿಗೆ ಓದುತ್ತಾಳೆ.

ಸೆಪ್ಟೆಂಬರ್ 8, ಸೋಮವಾರ

ಹೊಸ ಅಸಿಸ್ಟೆಂಟ್ ಬಂದಳು. ಶಿವಾನಿ. ಬೆಳಗಾವಿ ಶಹಾಪುರದವಳು. ಮೇಡಂ ಊರೂ ಬೆಳಗಾವಿಯೇ. ಮುಗಿಯಿತಲ್ಲ.

ಇಷ್ಟು ದಿನ ಈ ಮರಾಠಿ ಊರಿನ ಕ್ಲಿನಿಕ್ಕಿನಲ್ಲಿ ಕನ್ನಡ ಅಂದರೆ ಮೇಡಂ ಮತ್ತು ನಾನು. ಪೇಶಂಟುಗಳ ಜೊತೆ ಮರಾಠಿ, ಚಹಾದ ಹೊತ್ತಿಗೆ ನಮ್ಮ ಮಾತು. ಇವತ್ತು ಚಹಾ ಮುಗಿಯುವವರೆಗೂ ಅವರಿಬ್ಬರೇ ಮಾತಾಡಿದರು — ಯಾವ ಗಲ್ಲಿ, ಯಾರ ಮಗಳು, ಯಾವ ಅಂಗಡಿಯ ಕುಂದಾ. ನಾನು ಧಾರವಾಡದವಳು, ಪೇಢೆಯ ಬಗ್ಗೆ ಒಂದು ಮಾತು ಹಾಕಿದೆ. ಯಾರೂ ಎತ್ತಿಕೊಳ್ಳಲಿಲ್ಲ.

ನನಗೆ ಆಂಟಿ ಅಂದಳು. ನಲವತ್ತೇಳು ನನಗೆ, ಆಂಟಿಯೇ ಇರಬಹುದು... ಆದರೂ. ಅಕ್ಕ ಅನ್ನು ಎಂದೆ. ಅಂದಳು, ನಕ್ಕಳು. ಹಲ್ಲು ಚೆಂದ ಇವೆ.

ಸೆಪ್ಟೆಂಬರ್ 11, ಗುರುವಾರ

ಗುರುವಾರ, ಎಂದಿನಂತೆ ಕರೆಂಟ್ ಇಲ್ಲ. ನಮ್ಮ ಹಡಪಸರ ಏರಿಯಾಕ್ಕೆ ಇದು ರೂಢಿ. ಪಂಪು ಇನ್ವರ್ಟರ್ ಮೇಲೆ ಓಡಿತು.

ಆರು ವರ್ಷದ ಹಿಂದೆ ಇನ್ವರ್ಟರ್ ಇರಲಿಲ್ಲ. ಸಂಪನ್ನು ತುಳುಕುವಷ್ಟು ತುಂಬಿಸಿಟ್ಟಿದ್ದೆ, ನಾಲ್ಕು ದಿನ ಚಿಂತೆಯಿಲ್ಲ ಎಂದು. ಪಂಪು ನಿಂತಿತು. ಮೇಲಿನ ನೀರು ಕೆಳಗಿಳಿಯಿತು. ಸಂಪಿನಲ್ಲಿ ಜಾಗವೆಲ್ಲಿ? ಹಾಲ್ ತುಂಬ ಉಪ್ಪುನೀರು, ಯಾರದೋ ಮಗುವಿನ ಬೂಟು ತೇಲುತ್ತಿತ್ತು. ಅವತ್ತೇ ನನ್ನ ಕೆಂಪು ನೇಲ್‌ಪಾಲಿಶ್‌ನಿಂದ ಸಂಪಿನ ಗಾಜಿಗೆ ಗೆರೆ ಎಳೆದೆ. ನೀರು ಅದರ ಮೇಲೆ ಹೋಗಬಾರದು. ಪಂಪು ನಿಂತಾಗ ಇಳಿಯುವ ನೀರಿಗೆ ಜಾಗ ಬೇಕು. ಗೆರೆಯ ಅರ್ಥ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಊಟದ ಹೊತ್ತಿಗೆ ಶಿವಾನಿ ಟ್ಯಾಂಕಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳ ಅಕ್ಕನ ಗಂಡನ ಮನೆಯಲ್ಲೂ ಉಪ್ಪುನೀರಿನ ಟ್ಯಾಂಕ್ ಇದೆಯಂತೆ. ನಮ್ಮದಕ್ಕಿಂತ ದೊಡ್ಡದಂತೆ. ಇರಲೇಬೇಕಲ್ಲ.

ಸೆಪ್ಟೆಂಬರ್ 20, ಶನಿವಾರ. ಸಂಜೆ

ಫ್ಲೋಟ್ ಸ್ವಿಚ್ ಬಂತು. ಶಿವಾನಿ ಹೇಳಿದಳು, ಮೇಡಂ ತರಿಸಿದರು. ಪಕ್ಕದಲ್ಲಿ ಆರ್‌ಓ ನೀರಿನ ಕ್ಯಾನ್, ಅದರೊಳಗೊಂದು ಗುಬ್ಬಿಯಷ್ಟು ಪಂಪು, ನೆಲದ ಮೇಲೆ ಹೊಸ ಎಕ್ಸ್‌ಟೆನ್ಶನ್ ಬೋರ್ಡು. ಸಂಪಿನ ನೀರು ಇಳಿದರೆ ತಾನಾಗಿ ತುಂಬಿಕೊಳ್ಳುತ್ತದೆ. ಮೂರು ಲೀಟರ್, ಎರಡು ಬೆರಳು — ಇನ್ನು ಬೇಡ.

ಮೇಡಂ ಅಂದರು, “ನರ್ಮದಕ್ಕ, ಇನ್ನ ನಿಮಗ ಆರಾಮಾತು ನೋಡ್ರಿ.”

ಆರಾಮ ಯಾರು ಕೇಳಿದ್ದರು?

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನೋಡೋಣ ಎಷ್ಟು ದಿನ. ಹೊಟ್ಟೆಕಿಚ್ಚು ನನಗೆ. ಬರೆದೇಬಿಟ್ಟೆ. ಅವಳ ವಯಸ್ಸಿಗಲ್ಲ, ಹಲ್ಲಿಗಲ್ಲ. ಬೆಳಿಗ್ಗೆ ಬಂದು ಬಾಗಿ ನೋಡಲು ನನಗೊಂದು ನೀರಿತ್ತು, ಅದನ್ನು ತೆಗೆದುಕೊಂಡಳಲ್ಲ, ಅದಕ್ಕೆ.

ಸೆಪ್ಟೆಂಬರ್ 22, ಸೋಮವಾರ. ಘಟಸ್ಥಾಪನೆ

ಸಂಪು ಫಳಫಳ. ಶನಿವಾರ ನಾನು ಹೋದ ಮೇಲೆ ವಿನೆಗರ್ ಹಚ್ಚಿ ತಿಕ್ಕಿದ್ದಾಳೆ. ಅಂಚಿನ ಉಪ್ಪಿನ ಪುಡಿಯೆಲ್ಲ ಹೋಗಿದೆ. ಗೆರೆಯೂ.

“ಏನೋ ಕೆಂಪ ಕಲಿ ಇತ್ರಿ ಅಕ್ಕ. ಬ್ಲೇಡ್‌ಲೆ ಕೆರದು ತಗದೆ.”

ಫ್ಲೋಟನ್ನು ಗೆರೆ ಇದ್ದ ಜಾಗಕ್ಕಿಂತ ನಾಲ್ಕು ಬೆರಳು ಮೇಲೆ ಕೂರಿಸಿದ್ದಾಳೆ. ನೀರು ಹೆಚ್ಚಾಗಿ ಪಂಪಿನ ಗೊರಗೊರ ನಿಂತಿದೆ. ಮೇಡಂಗೆ ಸಂತೋಷವೋ ಸಂತೋಷ.

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮೇಡಂ ಒಬ್ಬ ಪೇಶಂಟಿನ ತಾಯಿಗೆ ಮರಾಠಿಯಲ್ಲಿ ಹೇಳುತ್ತಿದ್ದರು, ಇವಳು ನಮ್ಮ ಫಿಶ್ ಎಕ್ಸ್‌ಪರ್ಟ್ ಎಂದು. ಶಿವಾನಿಯ ಭುಜದ ಮೇಲೆ ಕೈಯಿಟ್ಟು.

ಬಾಯಿ ಮುಚ್ಚಿಕೊಂಡೆ.

ಸೆಪ್ಟೆಂಬರ್ 25, ಗುರುವಾರ

ಹತ್ತರಿಂದ ಮೂರರವರೆಗೆ ಕರೆಂಟ್ ಇಲ್ಲ. ಇನ್ವರ್ಟರ್ ಕೈಬಿಡಲಿಲ್ಲ. ಏನೂ ಆಗಲಿಲ್ಲ. ನನಗೆ ಬೇಜಾರಾಯಿತು. ಎಂಥ ಹೆಂಗಸು ನಾನು.

ಆಮೇಲೆ ನೆನಪಾಯಿತು. ಬರುವ ಬುಧವಾರ ಖಂಡೇಪೂಜೆ, ಅಂದರೆ ಆಯುಧಪೂಜೆ. ಮೇಡಂ ತವರಿನ ಪದ್ಧತಿ — ಅವತ್ತು ಮಷೀನುಗಳಿಗೆಲ್ಲ ವಿಶ್ರಾಂತಿ. ಕುರ್ಚಿ, ಕಂಪ್ರೆಸರ್, ಎಕ್ಸ್‌ರೇ, ಕೊನೆಗೆ ಮೀನಿನ ಪಂಪು. ಬಂದ್ ಮಾಡಿ, ಕುಂಕುಮ ಹಚ್ಚಿ, ಆರತಿ ಎತ್ತಿ, ಕಾಲು ಗಂಟೆ ಬಿಟ್ಟು ಮತ್ತೆ ಚಾಲೂ.

ಎಕ್ಸ್‌ಪರ್ಟ್ ಇದ್ದಾಳಲ್ಲ. ನೋಡಿಕೊಳ್ಳಲಿ.

ಸೆಪ್ಟೆಂಬರ್ 30, ಮಂಗಳವಾರ. ರಾತ್ರಿ 9

ಸ್ಟರಿಲೈಸರ್ ಹತ್ತಿರ ಮೇಡಂ ಅವಳಿಗೆ ಹೇಳಿದ್ದು ಕಿವಿಗೆ ಬಿತ್ತು. ಟ್ಯಾಂಕಿನ ಪೂಜೆಯ ತಯಾರಿ ಈ ಸಲ ನಿನ್ನ ಕಡೆ ಎಂದು. ಅವಳು ತಗ್ಗಿದ ದನಿಯಲ್ಲಿ ಏನೋ ಅಂದಳು, ಮೇಡಂ ನಕ್ಕರು. ಏಳು ವರ್ಷ ಆ ಪಂಪಿಗೆ ಕುಂಕುಮ ಹಚ್ಚಿದ ಬೆರಳು ಇದು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಬಸ್ಸಿನಲ್ಲಿ ತಾಲೀಮು ಮಾಡಿಕೊಂಡು ಬಂದೆ. ನೀರು ಹೊರಗೆ ಬಂದಾಗ ಓಡಬಾರದು. ನಿಧಾನ ನಡೆದು ಹೋಗಿ, ಸಾವಕಾಶ ಕೇಳಬೇಕು — ಅಯ್ಯ, ಅಲ್ಲೊಂದು ಗೆರೆ ಇತ್ತಲ್ಲ, ಏನಾತು? ಚೆನ್ನಾಗಿ ಬರುತ್ತಿದೆ. ಮೇಡಂ ಮುಖ ಹೇಗಾಗುತ್ತದೆ ಎಂದೂ ನೋಡಿಕೊಂಡೆ. ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಅಕ್ಟೋಬರ್ 1, ಬುಧವಾರ. ಬೆಳಿಗ್ಗೆ 10.25

ಎಕ್ಸ್‌ರೇ ರೂಮಿನಲ್ಲಿದ್ದೇನೆ. ಬಾಗಿಲು ಹಾಕಿದ್ದೇನೆ. ಆರತಿ ತಾಟು ತೊಡೆಯ ಮೇಲೆ. ಪುಟಕ್ಕೆ ಕುಂಕುಮ ಹತ್ತುತ್ತಿದೆ, ಹತ್ತಲಿ.

ಉಳಿದ ಮಷೀನುಗಳದ್ದೆಲ್ಲ ಆಯಿತು. ಟ್ಯಾಂಕ್ ಒಂದೇ ಬಾಕಿ. ಶಿವಾನಿ ತಾಟು ಹಿಡಿದು ಮುಂದೆ ಹೋದಳು. ನಾನು ಹಿಂದೆ, ಕೈಕಟ್ಟಿ, ತಾಲೀಮಿನ ಮಾತು ಬಾಯಲ್ಲಿಟ್ಟುಕೊಂಡು ನಿಂತಿದ್ದೆ. ಅವಳು ತಿರುಗಿದಳು.

“ಅಕ್ಕ, ಬರ್ರಿ. ಪಂಪ್ ನೀವ ಬಂದ್ ಮಾಡ್ರಿ. ಏಳ ವರ್ಷ ಜ್ವಾಕಿ ಮಾಡಿದವ್ರು ನೀವು, ನಾ ಯಾಕ ಪೂಜಾ ಮಾಡ್ಲಿ? ನಿನ್ನೇನ ಮೇಡಂಗ ಹೇಳೇನ್ರಿ.”

ಮೇಡಂ ತಲೆಯಾಡಿಸಿದರು. ತಾಟು ನನ್ನ ಕೈಗೆ ಬಂತು. ನಿನ್ನೆ ತಗ್ಗಿದ ದನಿಯಲ್ಲಿ ಅಂದದ್ದು ಇದು.

ಅವಳು ಟ್ಯಾಂಕಿಗೆ ಒತ್ತಿಕೊಂಡು ನನಗೆ ದಾರಿ ಬಿಟ್ಟಳು. ಬರಿಗಾಲು. ಪೂಜೆ ಎಂದು ಎಲ್ಲರೂ ಚಪ್ಪಲಿ ಬಿಟ್ಟಿದ್ದೇವೆ. ಅವಳ ಹಿಮ್ಮಡಿಯ ಪಕ್ಕದಲ್ಲೇ ನೆಲದ ಮೇಲೆ ಆ ಎಕ್ಸ್‌ಟೆನ್ಶನ್ ಬೋರ್ಡು, ಕೆಂಪು ದೀಪ ಉರಿಯುತ್ತಿದೆ. ಹತ್ತು ದಿನ ಮನಸ್ಸಿನಲ್ಲೇ ನೆಲ ಒದ್ದೆಯಾಗುವುದನ್ನು ಮಾತ್ರ ನೋಡಿದೆ, ಅವಳ ಮುಖ ಸಣ್ಣದಾಗುವುದನ್ನು ನೋಡಿದೆ. ಬೋರ್ಡನ್ನು ನೋಡಲೇ ಇಲ್ಲ. ಉಪ್ಪುನೀರು ಹೊರಬಂದರೆ ಮೊದಲು ಮುಟ್ಟುವುದು ಆ ಕರೆಂಟನ್ನೇ.

ಕಡ್ಡಿಪೆಟ್ಟಿಗೆ ತರುತ್ತೇನೆ ಎಂದು ಇಲ್ಲಿಗೆ ಬಂದೆ.

ತಲೆ ತಿರುಗುತ್ತಿದೆ ಎಂದು ಕೂತುಬಿಟ್ಟರೆ ಸ್ವಿಚ್ ಅವಳೇ ಒತ್ತುತ್ತಾಳೆ. ಸದ್ದಿಲ್ಲದೆ ನೀರು ತೆಗೆಯೋಣವೆಂದರೆ ಎಲ್ಲರೂ ಅಲ್ಲೇ ನಿಂತಿದ್ದಾರೆ. ಹೇಳಬೇಕು. ಹೇಳಿದರೆ ಮೇಡಂ ಕೇಳುವುದು ಒಂದೇ ಮಾತು — ಯಾವಾಗ ಗೊತ್ತಾತು ನಿಮಗ?

ಬಾಗಿಲು ತಟ್ಟಿದಳು. “ಅಕ್ಕ, ಆರಾಮ ಅದೀರಿಲ್ರಿ?”

ಒಳಗಿನಿಂದಲೇ ಹೇಳಿದೆ. “ಚಪ್ಪಲ್ ಹಾಕ್ಕೊ. ಪಂಪ್ ಯಾರೂ ಮುಟ್ಟಬ್ಯಾಡ್ರಿ. ಎರಡು ಬಕೀಟ ತಗೊಂಡ್ ಬಾ.”

“ಯಾಕ್ರಿ ಅಕ್ಕ?”

ಎದ್ದಿದ್ದೇನೆ. ಚಿಲಕದ ಮೇಲೆ ಕೈ. ಅಲ್ಲಿ ಹೋಗಿ ಮಾತು ತಪ್ಪಬಾರದು, ಅದಕ್ಕೆ ನಿಂತೇ ಬರೆಯುತ್ತಿದ್ದೇನೆ — ಆ ಕೆಂಪು ಗೆರೆ ನಂದು, ಶಿವಾನಿ. ನೀ ಅದನ್ನ ಕೆರದ ದಿನಾನ ನನಗ ಗೊತ್ತಾಗಿತ್ತು.