ಲತಾಮಣಿಗೆ ನಾನು ಸೇರಿಸಿದ ಹದಿನೇಳು ತಿಂಗಳು

ಮಾನ್ಯ ಆಯ್ಕೆ ಸಮಿತಿ ಅಧ್ಯಕ್ಷರೇ,

ಕಳೆದ ತಿಂಗಳು ರಾಮನಗರದಲ್ಲಿ ನಡೆದ ಬಾಲಕಿಯರ ಫುಟ್‌ಬಾಲ್ ಪ್ರತಿಭಾ ಶೋಧದಲ್ಲಿ ಲತಾಮಣಿ ಎಂಬ ಹುಡುಗಿಗೆ ಕ್ರೀಡಾ ಹಾಸ್ಟೆಲಿನ ಸೀಟು ನಿರಾಕರಿಸಿದಿರಿ. ಕಾರಣ, ಹದಿಮೂರು ವರ್ಷಕ್ಕೆ ಇರಬೇಕಾದ ಎತ್ತರ ಅವಳಿಗಿಲ್ಲ. ಅವಳಿಗೆ ಹದಿಮೂರು ಆಗಿಯೇ ಇಲ್ಲ. ಹನ್ನೊಂದು ವರ್ಷ, ಒಂಬತ್ತು ತಿಂಗಳು. ಹದಿಮೂರಾಗುವಂತೆ ಬರೆದವನು ನಾನು.

ಹೊಂಗನೂರಿನ ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ನಾನು ಮುಖ್ಯ ಶಿಕ್ಷಕನಾಗಿದ್ದೆ. 2018ರ ಜೂನ್‌ನಲ್ಲಿ ನಮ್ಮಲ್ಲಿದ್ದದ್ದು ಒಂಬತ್ತು ಮಕ್ಕಳು. ಹತ್ತಾಗದಿದ್ದರೆ ಶಾಲೆ ಮುಚ್ಚುತ್ತಾರೆ ಎಂಬ ಮಾತು ಓಡಾಡುತ್ತಿತ್ತು. ಆಗ ರೇಷ್ಮೆ ಸಾಕುವ ದೊಡ್ಡಲಕ್ಷ್ಮಮ್ಮ ಮೊಮ್ಮಗಳು ಲತಾಮಣಿಯನ್ನು ಕರೆದುಕೊಂಡು ಬಂದರು. ಸೇರಿಸಲಿಕ್ಕಲ್ಲ, ಹುಳುವಿಗೆ ಸೊಪ್ಪು ಹಾಕಿ ಬರುವವರೆಗೆ ಕೂರಿಸಿಕೊಳ್ಳಿ ಎನ್ನಲಿಕ್ಕೆ. ದಾಖಲಾತಿ ಪುಸ್ತಕ ತೆಗೆದವನು ನಾನೇ.

“ಇನ್ನೂ ನಾಕೂವರೆ ಕಣ್ ಮೇಷ್ಟ್ರೇ, ತಾಯಿ ಕಾರ್ಡಲ್ಲಿ ಐತೆ ನೋಡಿ” ಎಂದರು ಆಕೆ.

“ಇರ್ಲಿ ಬುಡಮ್ಮ, ಒಂದ್ ವರ್ಷ ಮುಂಚೇನೇ ಓದು ಮುಗೀತದೆ. ನಿಂಗೇ ಲಾಭ” ಎಂದೆ.

2013ರ ನವೆಂಬರ್ 9 ಎಂಬುದು 2012ರ ಜೂನ್ 1 ಆಯಿತು. ಶಾಲೆ ಉಳಿಯಿತು, ಎರಡು ವರ್ಷ. ಆಮೇಲೆ ಅದನ್ನೂ ಮುಚ್ಚಿದರು. ಆ ದಿನಾಂಕ ಮಾತ್ರ ವರ್ಗಾವಣೆ ಪತ್ರಕ್ಕೆ, ಆಧಾರ್‌ಗೆ, ಕೊನೆಗೆ ನಿಮ್ಮ ಮೇಜಿಗೆ ಬಂತು.

ಆಯ್ಕೆಯ ದಿನ ನಾನು ಬೇಲಿಯ ಹೊರಗೆ ನಿಂತಿದ್ದೆ. ಇಪ್ಪತ್ತು ನಿಮಿಷದ ಆಟದಲ್ಲಿ ಅವಳು ಎರಡು ಗೋಲು ಹೊಡೆದಳು, ಮೂರನೆಯದಕ್ಕೆ ಚೆಂಡು ಒದಗಿಸಿದಳು. ತನಗಿಂತ ಗೇಣುದ್ದ ಹೆಚ್ಚಿದ್ದ ಹುಡುಗಿಯರು ಎತ್ತ ತಿರುಗುತ್ತಾರೆಂದು ಅವರಿಗಿಂತ ಮೊದಲೇ ಅವಳಿಗೆ ತಿಳಿಯುತ್ತಿತ್ತು. ಆಟ ಮುಗಿದ ಮೇಲೆ ನಿಮ್ಮ ಆಯ್ಕೆಗಾರರು ಅಳತೆ ಕೋಲಿಗೆ ನಿಲ್ಲಿಸಿದರು. 139 ಸೆಂಟಿಮೀಟರ್. ಬೇಕಿದ್ದದ್ದು 148.

“ಆಟ ಚೆನ್ನಾಗೈತೆ ಕಣಮ್ಮ. ಆದ್ರೆ ಹದಿಮೂರಕ್ಕೇ ಇಷ್ಟು ಅಂದ್ರೆ ಇನ್ನೇನ್ ಬೆಳೀತೀಯ?” ಎಂದರು.

“ಯಾಕ್ ಸಾರ್, ಚೆಂಡು ನೆಲದ್ ಮ್ಯಾಲಲ್ವಾ ಇರೋದು?” ಎಂದು, ಇಷ್ಟು ವರ್ಷ ಶಾಲೆಯ ಕಾಗದದ ವಯಸ್ಸನ್ನೇ ನಂಬಿಕೊಂಡು ಬಂದಿದ್ದ ದೊಡ್ಡಲಕ್ಷ್ಮಮ್ಮ ಕೇಳಿದರು. ಸುತ್ತಲಿದ್ದವರು ನಕ್ಕರು. ಹೆಸರು ಹೊಡೆದುಹಾಕಿದ್ದಾಯಿತು.

ನಿಮ್ಮ ನಮೂನೆಯನ್ನು ಪೂರ್ತಿ ಓದಿದ್ದೇನೆ. ಹೆಸರು, ಜನ್ಮ ದಿನಾಂಕ, ಎತ್ತರ, ತೂಕ, ಷರಾ. ಆಟಕ್ಕೆ ಒಂದು ಕಾಲಂ ಕೂಡ ಇಲ್ಲ. ಪೊಲೀಸ್ ಭರ್ತಿಗೂ ಇದೇ ಹಾಳೆ ಸಾಕಲ್ಲವೇ? ನಾಳಿನ ಆಟಗಾರ್ತಿಯನ್ನು ಹುಡುಕುತ್ತೇವೆ ಎನ್ನುವವರು ಇವತ್ತು ಬೇಗ ಬೆಳೆದವರನ್ನಷ್ಟೇ ಆರಿಸಿದರೆ ಅದು ಯಾವ ಶೋಧ? ಅವಳಿಗೆ ನಿಜವಾಗಿಯೂ ಹದಿಮೂರಾಗಿದ್ದರೂ ಆ ಎರಡು ಗೋಲುಗಳು ಎಲ್ಲಿಗೆ ಹೋಗಬೇಕಿತ್ತು? ಇನ್ನು ನಿಮ್ಮದೇ ಪಟ್ಟಿಯ ಪ್ರಕಾರ ಹನ್ನೊಂದು ವರ್ಷದವರಿಗೆ 136 ಸಾಕು. ಅವಳು ಅದಕ್ಕಿಂತ ಮೂರು ಸೆಂಟಿಮೀಟರ್ ಹೆಚ್ಚಿದ್ದಾಳೆ.

ಇಷ್ಟು ಕೇಳುವ ನಾನು ಆ ದಿನವೇ ಬೇಲಿ ದಾಟಿ ಬಂದು ನಿಜ ಹೇಳಬಹುದಿತ್ತು. ಪಿಂಚಣಿ ನೆನಪಾಯಿತು. ಟೀ ಅಂಗಡಿಗೆ ಹೋದೆ.

ಹನ್ನೆರಡು ದಿನ ತಡೆದು, ಅವಳು ಹುಟ್ಟಿದ ದಿನಾಂಕವಿರುವ ತಾಯಿ ಕಾರ್ಡಿನ ಪ್ರತಿಯನ್ನು ಅಂಗನವಾಡಿಯಿಂದ ತೆಗೆಸಿಕೊಂಡು ನಿಮ್ಮ ಕಚೇರಿಗೆ ಬಂದೆ. ಗುಮಾಸ್ತರು ಅದನ್ನು ಬಿಚ್ಚಿಯೂ ನೋಡಲಿಲ್ಲ. “ಸೆಲೆಕ್ಷನ್ ಆದ್ಮೇಲೆ ಎಲ್ರೂ ವಯಸ್ಸು ಕಮ್ಮಿ ಮಾಡ್ಸೋಕೆ ಬತ್ತಾರೆ. ನೀವೂ ಬಂದ್ಬುಟ್ರಾ ಮೇಷ್ಟ್ರೇ?” ಎಂದರು. ಅವರನ್ನು ದೂರುವುದಿಲ್ಲ. ಸುಳ್ಳು ಬರೆದ ದಿನ ನನ್ನನ್ನು ಯಾರೂ ಅನುಮಾನಿಸಲಿಲ್ಲ, ನಿಜ ಹೇಳಲು ಬಂದ ದಿನ ಅನುಮಾನಿಸಿದರು. ಈ ಪತ್ರ ಬಹಿರಂಗವಾಗಿರುವುದು ಅದಕ್ಕೇ.

ಕಚೇರಿಯಿಂದ ಸೀದಾ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಲತಾಮಣಿ, “ಹಂಗಾದ್ರೆ ನಾನಿನ್ನೂ ಬೆಳೀತೀನಾ ಸಾರ್?” ಎಂದಳು. ದೊಡ್ಡಲಕ್ಷ್ಮಮ್ಮ ಕೇಳಿದ್ದು ಬೇರೆ. “ಅವತ್ತು ಲಾಭ ಅಂದ್ರಲ್ಲ ಮೇಷ್ಟ್ರೇ, ಯಾರ್ಗೆ?”

ಹಾಸ್ಟೆಲಿನ ಪಟ್ಟಿ ಈ ತಿಂಗಳ ಮೂವತ್ತಕ್ಕೆ ಅಂತಿಮವಾಗುತ್ತದೆ. ಅಷ್ಟರೊಳಗೆ ಅವಳನ್ನು ಮತ್ತೆ ಮೈದಾನಕ್ಕೆ ಕರೆಸಿ, ಆಡಿಸಿ, ನೋಡಿ. ಈ ಪತ್ರವನ್ನು ನನ್ನ ತಪ್ಪೊಪ್ಪಿಗೆಯೆಂದು ಶಿಕ್ಷಣ ಇಲಾಖೆಗೆ ಕಳುಹಿಸಿ. ಕರೆದ ದಿನ ವಿಚಾರಣೆಗೆ ಹಾಜರಾಗುತ್ತೇನೆ. ಆದರೆ ನನ್ನ ವಿಚಾರಣೆ ಮುಗಿಯಲಿ ಎಂದು ಅವಳನ್ನು ಕಾಯಿಸಬೇಡಿ. ಇಲಾಖೆಯ ವಿಚಾರಣೆಗಳು ಎಷ್ಟು ವರ್ಷ ನಡೆಯುತ್ತವೆಂದು ನನಗೆ ಗೊತ್ತು. ಅಷ್ಟರಲ್ಲಿ ಅವಳಿಗೆ ನಿಜವಾಗಿಯೂ ವಯಸ್ಸು ಮೀರಿರುತ್ತದೆ.

ಇಂತಿ,
ತಡವಾಗಿ ಬಾಯಿಬಿಟ್ಟ
ನರಸಯ್ಯ
ನಿವೃತ್ತ ಮುಖ್ಯ ಶಿಕ್ಷಕ, ಚನ್ನಪಟ್ಟಣ ತಾಲ್ಲೂಕು