ಪಿಡಕ್ ಎಂಬ ಹೆಸರಿನ ಮೂಲ

ಮಾರ್ಚ್ ೯, ಭಾನುವಾರ

ಪುಟ್ಟೀ,

ಚೆನ್ನಾಗಿದ್ದೀಯಾ? ಉತ್ತರ ತಡವಾಯಿತು, ಬೈದುಕೊಂಡಿರುತ್ತೀಯ, ತಪ್ಪಿಲ್ಲ. ಇಲ್ಲಿ ಇಬ್ಬರೂ ಆರೋಗ್ಯ. ಅಪ್ಪನ ಗೊರಕೆ ಅಪ್ಪನಿಗಿಂತ ಗಟ್ಟಿಮುಟ್ಟಾಗಿದೆ.

ಹಾಸ್ಟೆಲಿನಲ್ಲಿ ಎಲ್ಲರೂ ತಂತಮ್ಮ ಹೆಸರಿನ ಕಥೆ ಹೇಳುವಾಗ ನೀನೊಬ್ಬಳೇ ಸುಮ್ಮನೆ ಕೂತೆ ಎಂದು ನಿನ್ನ ಕಾಗದದಲ್ಲಿ ಬರೆದಿದ್ದೆ. "ನನ್ನ ಹೆಸರು ಇಟ್ಟೋರು ನೀವಾ, ಇಲ್ಲಾ ನನ್ನನ್ನ ಅನಾಥಾಲಯಕ್ಕೆ ಬಿಟ್ಟೋರಾ?" ಎಂದೂ ಕೇಳಿದ್ದೆ. ಎರಡು ಸಲ ಬರೆಯಲು ಕೂತು ಎದ್ದೆ. ಅಷ್ಟರಲ್ಲಿ ಕೆಲಸದಲ್ಲಿ ಒಂದು ತಮಾಷೆಯಾಯಿತು.

ನಮ್ಮ ಮತ್ಸ್ಯಾಲಯಕ್ಕೆ ಹೊಸ ಚಿಪ್ಪುಪ್ರಾಣಿ ಬಂದಿದೆ. ಇಂಗ್ಲಿಷಿನಲ್ಲಿ ಪಿಡಕ್ ಅನ್ನುತ್ತಾರೆ. ಎಳೆಯದಿದ್ದಾಗ ಬಂಡೆ ಕೊರೆದು ಒಳಸೇರಿ, ಅಲ್ಲೇ ದಪ್ಪಗಾಗಿ, ಹೊರಬರಲಾರದೆ ಉಳಿದುಬಿಡುತ್ತದೆ. ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತದೆ. ತೊಟ್ಟಿಯ ಮುಂದಿನ ಕಾರ್ಡು ಬರೆಯುವವಳು ನಾನೇ ತಾನೆ. "ಬಂಡೆ ಕೊರೆದು ಗೂಡು ಮಾಡಿ, ಗೂಡಿನೊಳಗೆ ದೀಪ ಹೂಡಿ" ಎಂದು ಶುರುಮಾಡಿದ್ದೆ. ಮೇಲ್ವಿಚಾರಕರು ಪ್ರಾಸವನ್ನು ಹೊಡೆದುಹಾಕಿ, ಹೆಸರಿನ ಮೂಲ ಬರೆಯಿರಿ ಎಂದರು. ನಿಘಂಟು ತೆಗೆದೆ. ಮೂಲ ತಿಳಿದಿಲ್ಲ; ನರಹುಲಿ ಎಂಬರ್ಥದ ಹಳೆಯ ಇಂಗ್ಲಿಷ್ ಪದವೊಂದರಿಂದ ಬಂದಿದ್ದರೂ ಬಂದಿರಬಹುದು.

"ಇಷ್ಟು ಚೆಂದ ಹೊಳೆಯೋದಕ್ಕೆ ನರಹುಲೀನಾ? ನೀಲಿ ದೀಪ ಅಂತ ಅರ್ಥ ಅಂದ್ಬಿಡಿ. ಯಾರ್ರೀ ಕೇಳ್ತಾರೆ?" ಎಂದರು ಮೇಲ್ವಿಚಾರಕರು.

"ನೀವೇ ಕೇಳ್ತಿದೀರಲ್ಲ ಸಾರ್."

ಗಾಜು ಒರೆಸುವ ಅಜ್ಜಿ ಮೊಣಕೈ ತೋರಿಸಿದರು. "ನನ್ನ ನರಹುಲಿ ಹೊಳೆದಿದ್ರೆ ನಾನ್ಯಾಕೆ ಗಾಜು ಒರೆಸ್ತಿದ್ದೆ?"

ಕೊನೆಗೆ ನಿಘಂಟಿನಲ್ಲಿದ್ದುದನ್ನೇ ಬರೆದೆ. ಮೇಲ್ವಿಚಾರಕರು ಮುಖ ಊದಿಸಿಕೊಂಡು ಒಪ್ಪಿದರು.

ಕಾರ್ಡು ಅಂಟಿಸುವಾಗ, ನಿನಗೆ ಬರೆಯೋಣವೆಂದು ವಾರವಿಡೀ ಹೆಣೆದಿದ್ದ ನಿನ್ನ ಹೆಸರಿನ ಕಥೆ ನೆನಪಾಯಿತು. ಸೊಗಸಾಗಿಯೇ ಇತ್ತು. ಅದು ಬೇಡ. ನಿನ್ನ ಹೆಸರು ನಾವಿಟ್ಟದ್ದಲ್ಲ ಮಗಳೇ. ನಿನ್ನನ್ನು ತಂದು ಬಿಟ್ಟವರು ಆ ಹೆಸರೊಂದನ್ನು ಹೇಳಿ ಹೋದರಂತೆ. ಇಟ್ಟವರು ಯಾರು, ಯಾಕೆ, ತಿಳಿದಿಲ್ಲ. ರೂಮಿನವರಿಗೆ ಹಾಗೇ ಹೇಳು.

ಹೊತ್ತಿಗೆ ಊಟ ಮಾಡು, ಕಣ್ತುಂಬ ನಿದ್ದೆ ಮಾಡು. ನೂರು ಕಾಲ ಸುಖವಾಗಿರು.

ನಿನ್ನ
ಅಮ್ಮ

ಬರೆಯದೆ ಬಿಟ್ಟದ್ದು: ನಾನೂ ಒಂದು ಹೆಸರು ಹುಡುಕಿಟ್ಟಿದ್ದೆ, ನನ್ನ ಹೆಸರಿಗೆ ಪ್ರಾಸವಾಗಿ ಕೂರುವಂಥದ್ದು. ನೀನು ಮನೆಗೆ ಬಂದಾಗಿನಿಂದ ಆ ಹೆಸರಿನಿಂದಲೇ ಕರೆದೆ. ನೀನು ಆಟಿಕೆಯಿಂದ ತಲೆ ಎತ್ತಲಿಲ್ಲ. ಒಂದು ಮಧ್ಯಾಹ್ನ ಸೋತು ಹಳೆಯ ಹೆಸರು ಹಿಡಿದು ಕರೆದೆ. ನೀನು ತಟ್ಟನೆ ತಿರುಗಿ, ಮುಖವೆಲ್ಲ ನಗುವಾಗಿ, ನನ್ನನ್ನು ದಾಟಿ ಬಾಗಿಲ ಕಡೆ ನೋಡಿದೆ. ಕರೆದವಳು ನಾನು ಎಂದು ನಿನಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.